ಬಿಗಿ ಮಾಡದೆ ಎಳೆದ ಗೆರೆ

ಆ ಗೆರೆ ಎಳೆದವನು ನಾನು. ಯಾಕೂಬ್ ಚಾಚಾ ಅಲ್ಲ.

ಇಷ್ಟು ಹೇಳಲು ನನಗೆ ಹನ್ನೊಂದು ವರ್ಷ ಬೇಕಾಯಿತು. ಈ ಹನ್ನೊಂದು ವರ್ಷ ನಾನೇನು ಬಾಯಿ ಮುಚ್ಚಿಕೊಂಡು ಕೂತವನಲ್ಲ — ಮಾತಾಡುವುದೇ ನನ್ನ ಹೊಟ್ಟೆಪಾಡು. ಅಮೀರ್‌ಪೇಟೆಯ ಒಂದು ತರಬೇತಿ ಕೇಂದ್ರದಲ್ಲಿ, ಎತ್ತರದಲ್ಲಿ ಕೆಲಸ ಮಾಡುವಾಗ ಬೀಳದೆ ಇರುವುದು ಹೇಗೆ ಎಂದು ಹುಡುಗ ಹುಡುಗಿಯರಿಗೆ ಪಾಠ ಹೇಳುತ್ತೇನೆ. ಚೆನ್ನಾಗಿ ಹೇಳುತ್ತೇನೆ ಎಂದು ಹೆಸರೂ ಇದೆ. ಆ ಹೆಸರು ಯಾವ ಕಥೆಯಿಂದ ಬಂತು ಎಂಬುದನ್ನು ಮುಂದೆ ಹೇಳುತ್ತೇನೆ. ಅದನ್ನು ಬರೆಯುವಾಗ ನನ್ನ ಕೈಗೆ ನನ್ನ ಮೇಲೇ ಹೇಸಿಗೆ.

ಗೆರೆ ಎಂದರೆ ಏನೆಂದು ಮೊದಲು ತಿಳಿಸಬೇಕು. ಹೊಸ ಕಟ್ಟಡದ ಮಾಳಿಗೆಯ ಅಂಚಿನ ಗೋಡೆ ಮೊದಲಿಗೆ ಮೊಣಕಾಲಿನಷ್ಟೇ ಎದ್ದಿರುತ್ತದೆ. ಅಲ್ಲಿ ಕೆಲಸ ಮಾಡುವವರಿಗೆ ಆಸರೆಯಾಗಿ ತಾತ್ಕಾಲಿಕ ಕಬ್ಬಿಣದ ತಡೆ ನಿಲ್ಲಿಸುತ್ತಾರೆ. ಗೋಡೆಗೆ ತೂತು ಕೊರೆಯುವಂತಿಲ್ಲ, ಕೊರೆದರೆ ನಾಳೆ ನೀರು ಇಳಿಯುತ್ತದೆ. ಹಾಗಾಗಿ ಗೋಡೆಯನ್ನು ಒಳಗಿಂದಲೂ ಹೊರಗಿಂದಲೂ ಕಚ್ಚಿ ಹಿಡಿಯುವ ಕ್ಲಾಂಪು. ಅದರ ತಿರುಪನ್ನು ಪಾನಾದಿಂದ — ಸ್ಪ್ಯಾನರಿಗೆ ನಮ್ಮ ಕಡೆಯ ಹೆಸರು ಅದು — ಬಿಗಿ ಮಾಡಿ, ಕ್ಲಾಂಪಿನ ಕೊಳವೆಯಲ್ಲಿ ಕಂಬ ಇಳಿಸಿ, ಕಂಬದಿಂದ ಕಂಬಕ್ಕೆ ಅಡ್ಡ ಪೈಪು ಹಾಕುತ್ತಾರೆ. ಕೊನೆಗೆ ತಿರುಪಿನ ತಲೆಯಿಂದ ಕ್ಲಾಂಪಿನ ಮೈವರೆಗೆ ಹಳದಿ ಬಣ್ಣದ ಒಂದು ಗೆರೆ. ತಿರುಪು ಕೂದಲೆಳೆಯಷ್ಟು ತಿರುಗಿದರೂ ಗೆರೆ ತುಂಡಾಗಿ ಕಾಣುತ್ತದೆ. ಗೆರೆ ಕೂಡಿದ್ದರೆ ಒರಗಬಹುದು, ತುಂಡಾಗಿದ್ದರೆ ಹತ್ತಿರ ಹೋಗಬಾರದು. ಅಕ್ಷರ ಬರದವರೂ ಓದುವ ಬರಹ ಅದು, ಮಾಳಿಗೆಯ ಮೇಲೆ ಎಲ್ಲರೂ ಅದನ್ನೇ ನಂಬುತ್ತಾರೆ.

ಗಚ್ಚಿಬೌಲಿಯ ಆಚೆ ಎರಡು ಬ್ಲಾಕಿನ ಒಂದು ಕಟ್ಟಡ. ನಾನು ಸುರಕ್ಷತೆಯ ಸೂಪರ್‌ವೈಸರ್, ಯಾಕೂಬ್ ಚಾಚಾ ಕ್ಲಾಂಪುಗಳ ಫಿಟ್ಟರ್. ನನ್ನದು ಸಿಂಧನೂರು, ಅವರದು ಲಿಂಗಸುಗೂರು ಕಡೆ. ಮಾಳಿಗೆಯ ಮೇಲೆ ತೆಲುಗು, ಹಿಂದಿಗಳ ನಡುವೆ ಕನ್ನಡ ಆಡಲು ಸಿಕ್ಕ ಒಬ್ಬರೇ ಒಬ್ಬರು. ವಯಸ್ಸಿನಲ್ಲಿ ನನ್ನ ತಂದೆಯಷ್ಟು ದೊಡ್ಡವರು. ಕೆಲಸದಲ್ಲಿ ನನ್ನನ್ನು ಸಾಹೇಬ್ರ ಎನ್ನುತ್ತಿದ್ದರು. ನೀರಿನ ಟ್ಯಾಂಕಿನ ನೆರಳಲ್ಲಿ ಬುತ್ತಿ ಬಿಚ್ಚಿದಾಗ ಮಾತ್ರ ತಮ್ಮಾ. ನನಗೆ ಸರ್ಟಿಫಿಕೇಟು ಇತ್ತು, ಕೆಲಸ ಕಲಿಸಿದವರು ಅವರು.

ಪಾನಾ ಹಾಕಿ ಬಿಗಿ ಮಾಡುತ್ತಿದ್ದರು. ಸಾಕು ಅನ್ನಿಸಿದ ಮೇಲೆ ಇನ್ನೂ ಅರ್ಧ ಸುತ್ತು. ಆಮೇಲೆ ಕಂಬವನ್ನು ಎರಡೂ ಕೈಯಲ್ಲಿ ಹಿಡಿದು ಮೈಭಾರ ಹಾಕಿ ಜಗ್ಗಿ ನೋಡಿ, ಬಿಸ್ಮಿಲ್ಲಾ ಎಂದು ಬ್ರಷ್ಷು ಎತ್ತುತ್ತಿದ್ದರು. ಕೆಳಗಿನಿಂದ ಮೇಲಕ್ಕೆ ಒಂದೇ ಎಳೆತ, ತುದಿಯಲ್ಲಿ ಬಲಕ್ಕೆ ಒಂಚೂರು ಬಾಲ. "ಮೊದಲ ಪಾನಾ, ಆಮ್ಯಾಲ ಬ್ರಷ್ಷು, ಸಾಹೇಬ್ರ. ಉಲ್ಟಾ ಮಾಡಿದ್ರ ಗೆರಿ ಸುಳ್ಳು ಹೇಳ್ತೈತಿ," ಎನ್ನುತ್ತಿದ್ದರು. ಪಾನಾ ಮಾತ್ರ ಯಾರ ಕೈಗೂ ಕೊಡುತ್ತಿರಲಿಲ್ಲ. ಊಟಕ್ಕೆ ಹೋದರೂ ಸೊಂಟದಲ್ಲೇ. ಬಣ್ಣದ ಡಬ್ಬಿ, ಬ್ರಷ್ಷು ಟ್ಯಾಂಕಿನ ಬದಿಗೆ ಇರುತ್ತಿದ್ದವು. ಬೇಸರವಾದಾಗ ನಾನು ಹಳೆಯ ಪೈಪಿನ ತುಂಡುಗಳ ಮೇಲೆ ಅವರ ಹಾಗೇ ಗೆರೆ ಎಳೆದು ಅಭ್ಯಾಸ ಮಾಡುತ್ತಿದ್ದೆ. ಬಾಲ ಕೂಡ ಥೇಟ್ ಅವರದೇ. ತೋರಿಸಿದಾಗ ಅವರು ನಕ್ಕಿದ್ದರು.

ಅದು ಶುಕ್ರವಾರ. ಕಟ್ಟಡದ ಮಾಲೀಕರ ಕಡೆಯವರು ತಪಾಸಣೆಗೆ ಬರುವವರಿದ್ದರು. ನಾನು ಮಾಳಿಗೆ ಸುತ್ತಿ ಬರುವಾಗ ಪಡುವಣ ಅಂಚಿನಲ್ಲಿ ಒಂದು ಕ್ಲಾಂಪಿನ ಗೆರೆ ತುಂಡಾಗಿತ್ತು. ಪಕ್ಕದಲ್ಲಿ ಎರಡು ದಿನ ಕಾಂಕ್ರೀಟು ಕೊರೆಯುವ ಯಂತ್ರ ನಡೆದಿತ್ತು, ಅದರ ಅದುರಾಟಕ್ಕೆ ತಿರುಪು ತಿರುಗಿರಬೇಕು. ಯಾಕೂಬ್ ಚಾಚಾ ನಮಾಜಿಗೆ ಹೋಗಿದ್ದರು, ಪಾನಾ ಅವರ ಸೊಂಟದಲ್ಲಿ ಹೋಗಿತ್ತು. ತಪಾಸಣೆಯವರು ಕೆಳಗಿನ ಮಹಡಿಗೆ ಬಂದಾಗಿತ್ತು, ಮೆಟ್ಟಿಲಲ್ಲಿ ಅವರ ಮಾತು ಕೇಳುತ್ತಿತ್ತು. ಕ್ಲಾಂಪಿಗೆ ಕೆಂಪು ಬಟ್ಟೆ ಕಟ್ಟಿ, ಇಲ್ಲಿ ಸಡಿಲಾಗಿದೆ ಎಂದು ಹೇಳಬಹುದಿತ್ತು — ನಿಯಮ ಅದೇ. ಅಷ್ಟಕ್ಕೆ ನನ್ನ ಕೆಲಸವೇನೂ ಹೋಗುತ್ತಿರಲಿಲ್ಲ. ಒಂದು ಮಾತು ಕೇಳಬೇಕಾಗುತ್ತಿತ್ತು, ಅಷ್ಟೇ. ಬಟ್ಟೆಗೆ ಥಿನ್ನರು ಅದ್ದಿ ಹಳೆಯ ಗೆರೆ ಒರೆಸಿದೆ. ಬ್ರಷ್ಷು ಎತ್ತಿದೆ. ಕೆಳಗಿನಿಂದ ಮೇಲಕ್ಕೆ, ಒಂದೇ ಎಳೆತ. ಕೈ ತಾನಾಗಿಯೇ ಬಾಲವನ್ನೂ ಹಾಕಿತು.

ತಪಾಸಣೆಯವರು ಬಂದರು, ಫೋಟೋ ತೆಗೆದರು, ತಲೆಯಾಡಿಸಿದರು. ನನ್ನನ್ನೂ ಊಟಕ್ಕೆ ಕರೆದುಕೊಂಡು ಹೋದರು.

ಚಾಚಾ ಬಂದ ಕೂಡಲೇ ಹೇಳೋಣ ಎಂದುಕೊಂಡಿದ್ದೆ, ಊಟದ ಗದ್ದಲದಲ್ಲಿ ಮರೆತೆ — ಎಷ್ಟೋ ವರ್ಷ ನನಗೆ ನಾನೇ ಹೀಗೆ ಹೇಳಿಕೊಂಡಿದ್ದೇನೆ. ಸುಳ್ಳು. ಮರೆತಿರಲಿಲ್ಲ. ಬಿರಿಯಾನಿಯಲ್ಲಿ ಕೈಯಿಟ್ಟಾಗಲೇ ನೆನಪಾಗಿತ್ತು. ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಹಳದಿ ಬಣ್ಣ ಕಂಡು ಕೈ ಮಗುಚಿ ಇಟ್ಟಿದ್ದೂ ನೆನಪಿದೆ. ಎದ್ದು ಫೋನು ಮಾಡಬಹುದಿತ್ತು. ದೊಡ್ಡವರ ಮಧ್ಯದಿಂದ ಏಳುವುದು ಹೇಗೆ ಎಂದು ಕೂತೆ. ಹೋಗಿ ಹೇಳಿದರಾಯಿತು, ಈಗಲೇ ಏನಾದೀತು, ಅಂತ…

ಇನ್ನೊಂದು ವಿಷಯ ಆಮೇಲೆ ತಿಳಿಯಿತು. ನನ್ನನ್ನು ಇವತ್ತಿಗೂ ತಿನ್ನುವುದು ಅದೇ. ನಮಾಜು ಮುಗಿಸಿ ಬಂದ ಚಾಚಾ ದಿನದ ಪದ್ಧತಿಯಂತೆ ಮಾಳಿಗೆಯ ಸುತ್ತ ಒಂದು ಸುತ್ತು ಬಂದಿದ್ದರು. ಒಂದೊಂದೇ ಗೆರೆ ನೋಡಿಕೊಂಡು. ಪಡುವಣ ಅಂಚಿನದನ್ನೂ ನೋಡಿದರು, ಕೂಡಿತ್ತು, ಮುಂದೆ ನಡೆದರು. ನಾನು ಏನೂ ಮಾಡದೆ ಸುಮ್ಮನಿದ್ದಿದ್ದರೆ — ಆ ತುಂಡು ಗೆರೆಯನ್ನು ಹಾಗೇ ಬಿಟ್ಟು ಹೋಗಿದ್ದರೆ — ಅವರು ನಿಂತು ಪಾನಾ ಹಾಕುತ್ತಿದ್ದರು. ಸೋಮಾರಿಯಾಗಿದ್ದರೂ ಯಾರಿಗೂ ಏನೂ ಆಗುತ್ತಿರಲಿಲ್ಲ.

ನಾಲ್ಕು ಗಂಟೆಯ ಹೊತ್ತು. ಊಟ ಮುಗಿಸಿ ನಾನು ಆಗಷ್ಟೇ ಮಾಳಿಗೆ ಹತ್ತಿದ್ದೆ. ನರಸಿಂಹುಲು ಎಂಬ ಮಹಬೂಬ್‌ನಗರದ ಕಡೆಯ ಕೆಲಸಗಾರ, ನೀರು ಸೋರದಂತೆ ಡಾಂಬರಿನ ಹಾಳೆ ಹಾಸುತ್ತಿದ್ದ. ಬಗ್ಗಿ ಬಗ್ಗಿ ಸೊಂಟ ಹಿಡಿದಿರಬೇಕು, ಎದ್ದು ನಿಂತ. ಗೆರೆ ನೋಡಿದ — ನಾನು ನೋಡಿದೆ, ಅವನು ಗೆರೆಯನ್ನು ನೋಡಿದ್ದನ್ನು. ಆಮೇಲೆ ಪೈಪಿಗೆ ಬೆನ್ನು ಕೊಟ್ಟು ಬೆವರು ಒರೆಸಿಕೊಂಡ. ನಾನು ಇಪ್ಪತ್ತು ಹೆಜ್ಜೆ ದೂರದಲ್ಲಿ, ಅವನ ಕಡೆಗೇ ಬರುತ್ತಿದ್ದೆ. ನಿಲ್ಲು ಎನ್ನಲು ಬಾಯಿ ತೆರೆದೆನೋ ಇಲ್ಲವೋ, ಇವತ್ತಿಗೂ ನನಗೆ ಖಾತ್ರಿಯಿಲ್ಲ. ಗೋಡೆಯ ಮೇಲೆ ಕಬ್ಬಿಣ ಜಾರಿದ ಕರ್ರ್ ಎಂಬ ಸದ್ದು ಕೇಳಿತು. ತರಗತಿಯಲ್ಲಿ ಯಾರಾದರೂ ಕುರ್ಚಿ ಎಳೆದರೆ ನಾನು ಈಗಲೂ ಮಾತು ನಿಲ್ಲಿಸುತ್ತೇನೆ.

ಎರಡು ಮಹಡಿ ಕೆಳಗಿನ ತಾರಸಿಯ ಮೇಲೆ ಬಿದ್ದ. ಬದುಕಿದ. ಸೊಂಟ ಮುರಿದಿತ್ತು, ಎಡಗಾಲು ಮತ್ತೆ ನೇರವಾಗಲಿಲ್ಲ. ಮರುದಿನ ಬೆಳಿಗ್ಗೆ ಸಿಕಂದರಾಬಾದಿನ ಆಸ್ಪತ್ರೆಗೆ ಹೋದಾಗ, ನನ್ನನ್ನು ಕಂಡು ತಪ್ಪು ಮಾಡಿದವನ ಹಾಗೆ ಅವನೇ ಸಮಜಾಯಿಷಿ ಕೊಟ್ಟ. "ಗೀತ ಉಂದಿ ಗದಾ ಸಾರ್, ಗಂದುಕೇ ಆನುಕುನ್ನಾ." ಗೆರೆ ಇತ್ತಲ್ಲ ಸಾರ್, ಅದಕ್ಕೇ ಒರಗಿದೆ. ನಾನು ಅವನ ಹೊದಿಕೆ ಸರಿಮಾಡಿ ಬಂದೆ.

ಅವತ್ತೇ ಮಧ್ಯಾಹ್ನ ವಿಚಾರಣೆ. ಸೈಟ್ ಆಫೀಸಿನ ಮೇಜಿನ ಮೇಲೆ ಆ ಕ್ಲಾಂಪು. ಗೆರೆ ಕೂಡಿದೆ, ಕ್ಲಾಂಪು ಜಾರಿದೆ. ಅಂದರೆ ಯಾರೋ ಬಿಗಿ ಮಾಡದೆ ಗೆರೆ ಎಳೆದಿದ್ದಾರೆ. ನಿಜ ಅಷ್ಟು ಬೇಗ ಸಿಕ್ಕಿಬಿಟ್ಟಿತ್ತು. ಯಾರು ಎಂಬುದು ಮಾತ್ರ ಉಳಿದಿತ್ತು. ಮ್ಯಾನೇಜರು ಮೈಸೂರಿನವರು, ಚಾಚಾ ಕಡೆ ನೋಡಿ, "ಗೆರೆ ಎಳೆಯೋದು ನೀವೇ ತಾನೇ?" ಎಂದರು.

ಚಾಚಾ ಕ್ಲಾಂಪನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಇದು ನಂದಲ್ರಿ. ಇದರ ಕೆಳಗ ಇನ್ನೊಂದು ಗೆರಿ ಒರಸ್ಯಾರ. ಸಾಹೇಬ್ರಿಗಿ ಕೇಳ್ರಿ, ಅವ್ರಿಗಿ ನನ್ನ ಕೈ ಗೊತ್ತೈತಿ."

ಮ್ಯಾನೇಜರು ನನ್ನ ಕಡೆ ತಿರುಗಿದರು. ನಾನು ಕ್ಲಾಂಪು ಕೈಗೆ ತೆಗೆದುಕೊಂಡೆ. ನೋಡಿದ ಹಾಗೆ ಮಾಡಿದೆ. ಬಾಲವಿತ್ತು, ಬಲಕ್ಕೆ, ಒಂಚೂರು.

"ಚಾಚಾರದs ಗೆರಿ ಐತ್ರಿ, ಸರ್."

ಯಾರೂ ನನ್ನನ್ನು ಹೆದರಿಸಿರಲಿಲ್ಲ. ಯಾರೂ ಹೇಳಿಕೊಟ್ಟಿರಲಿಲ್ಲ. ಗೆರೆ ಎಳೆಯುವಾಗ ಅವಸರ ಇತ್ತು ಅನ್ನಬಹುದೇನೋ, ಈ ಮಾತಿಗೆ ಅದೂ ಇರಲಿಲ್ಲ. ಚಾಚಾ ನನ್ನ ಮುಖ ನೋಡಲಿಲ್ಲ, ಕೈ ನೋಡಿದರು. ಉಗುರಿನ ಹಳದಿ ಕಂಡಿತೋ ಏನೋ… ನಾನು ಕೈಯನ್ನು ಜೇಬಿಗೆ ಹಾಕಿಕೊಂಡೆ. ಅವರು ಸೊಂಟದಿಂದ ಪಾನಾ ತೆಗೆದು, ಅಂಗಿಯ ತುದಿಯಿಂದ ಒರೆಸಿ, ಮೇಜಿನ ಮೇಲಿಟ್ಟು ಹೊರಗೆ ಹೋದರು.

ಅವರಿಗೆ ಮತ್ತೆ ಎಲ್ಲೂ ಆ ಕೆಲಸ ಸಿಗಲಿಲ್ಲ. ಗುತ್ತಿಗೆದಾರರ ನಡುವೆ ಸುದ್ದಿ ಬಲುಬೇಗ ಹರಡುತ್ತದೆ; ಅಡ್ಡಹೆಸರೂ ಬಿತ್ತು, ಗೀತ ಯಾಕೂಬ್, ಅಂದರೆ ಗೆರೆಯ ಯಾಕೂಬ್ ಎಂದು. ಒಮ್ಮೆ ಬೇರೊಂದು ಸೈಟಿನಲ್ಲಿ ಯಾರೋ ಆ ಹೆಸರು ಹೇಳಿ ನಕ್ಕರು. ನಾನೂ ನಕ್ಕೆ.

ಆಮೇಲೆ ಮಾಳಿಗೆ ಹತ್ತಲು ನನ್ನಿಂದ ಆಗಲಿಲ್ಲ. ಮೆಟ್ರೋ ಸ್ಟೇಷನ್ನಿನ ಕಂಬಿ, ಮನೆಯ ಕುಕ್ಕರಿನ ಹಿಡಿಕೆ, ಬಸ್ಸಿನ ಸೀಟು, ಎಲ್ಲೇ ಹೋದರೂ ಬೆರಳು ತಿರುಪನ್ನು ಹುಡುಕುತ್ತದೆ. ನಮ್ಮ ಮನೆಯ ತಾರಸಿಯಲ್ಲಿ ಹೆಂಡತಿ ಬಟ್ಟೆ ಒಣಹಾಕುತ್ತಾ ಗೋಡೆಗೆ ಒರಗಿದರೆ ನಾನು ಸುಮ್ಮಸುಮ್ಮನೆ ರೇಗುತ್ತೇನೆ. "ಇಟ್ಟಂಗಿ ಗ್ವಾಡಿರಿ ಇದು, ಎಲ್ಲಿಗಿ ಹೋಗ್ತೈತಿ?" ಎನ್ನುತ್ತಾಳೆ. ಅವಳಿಗೂ ಹೇಳಿರಲಿಲ್ಲ.

ಸೈಟು ಬಿಟ್ಟು ಪಾಠಕ್ಕೆ ಬಂದೆ. ಆಗಲೇ ಹೇಳಿದ ಆ ಕಥೆ ಇದು. ಪ್ರತಿ ತಂಡಕ್ಕೂ ಗೆರೆಯ ಪಾಠ ಬಂದಾಗ, "ಒಬ್ಬ ಫಿಟ್ಟರ್ ಇದ್ದ, ಬಿಗಿ ಮಾಡದೇ ಗೆರೆ ಎಳೆದುಬಿಟ್ಟ" ಎಂದು ಶುರು ಮಾಡುತ್ತಿದ್ದೆ. ತರಗತಿ ಉಸಿರು ಬಿಗಿಹಿಡಿದು ಕೇಳುತ್ತಿತ್ತು. ಮೊದಲ ಸಲ ಹೇಗೆ ಬಾಯಿಗೆ ಬಂತೋ ತಿಳಿಯದು, ಆಮೇಲೆ ರೂಢಿಯಾಯಿತು. ವರ್ಷಗಟ್ಟಲೆ ಆ ಮುದುಕನನ್ನು ದಿನಾ ಅದೇ ಮೇಜಿನ ಮುಂದೆ ನಿಲ್ಲಿಸಿದ್ದೇನೆ, ಉದಾಹರಣೆ ಎಂದು. ಹೋದ ತಿಂಗಳು ಎರಡನೇ ಸಾಲಿನ ಒಬ್ಬ ಹುಡುಗಿ ಕೇಳಿದಳು, ಆ ಫಿಟ್ಟರ್ ಈಗ ಎಲ್ಲಿದ್ದಾನೆ ಸರ್, ಎಂದು. ಅಷ್ಟೇ ಕೇಳಿದ್ದು. ನನಗೆ ಗೊತ್ತಿರಲಿಲ್ಲ. ಪಾಠವನ್ನು ಅರ್ಧಕ್ಕೇ ಮುಗಿಸಿದೆ.

ಹುಡುಕಿದರೆ ಬೇಗನೇ ಸಿಕ್ಕರು. ಪಟಾನ್‌ಚೆರುವಿನಲ್ಲಿ ಒಂದು ಔಷಧಿ ಗೋದಾಮಿನ ಗೇಟು ಕಾಯುತ್ತಾರೆ. ಬಸ್ಸಿಳಿದು ಹೋದಾಗ ಬೇವಿನ ಮರದ ಕೆಳಗೆ ಕುರ್ಚಿ ಹಾಕಿ ಕೂತಿದ್ದರು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಗುರುತು ಹಿಡಿದರು, ಎದ್ದು ತಮ್ಮ ಕುರ್ಚಿಯನ್ನೇ ನನಗೆ ಕೊಟ್ಟರು. ನಾನು ಕೂರಲಿಲ್ಲ, ನಿಂತುಕೊಂಡೇ ಎಲ್ಲ ಹೇಳಿದೆ. ಅತ್ತುಬಿಟ್ಟೆ. ಅವರು ಕೇಳುತ್ತಾ ಗೇಟಿನ ತಿರುಪೊಂದನ್ನು ಹೆಬ್ಬೆರಳಲ್ಲಿ ಒತ್ತುತ್ತಿದ್ದರು.

"ನರಸಿಂಹುಲುಗ ಹೇಳೀರೇನ್ರಿ?" ಎಂದರು.

ಇಲ್ಲ ಎಂದೆ.

"ಆಫೀಸಿನ್ಯಾಗ?"

ಇಲ್ಲ.

"ಮತ್ತ ನನಗ್ಯಾಕ ಹೇಳ್ತೀರಿ, ಸಾಹೇಬ್ರ? ನನಗ ಅವತ್ತs ಗೊತ್ತಿತ್ತು. ಈಗೂ ಪಾನಾ ಬಿಟ್ಟು ಬರೇ ಬ್ರಷ್ಷ್ ಹಿಡ್ಕೊಂಡು ಬಂದೀರಿ."

ತಮ್ಮಾ ಎನ್ನಲಿಲ್ಲ. ಚಹಾ ತರಿಸಿದರು, ಕುಡಿದೆ. ಬೈದಿದ್ದರೆ ಹಗುರಾಗುತ್ತಿತ್ತೇನೋ, ಹಗುರಾಗಲೆಂದೇ ಹೋಗಿದ್ದೆ ಎಂಬುದು ಬಸ್ಸಿನಲ್ಲಿ ವಾಪಸು ಬರುವಾಗ ಹೊಳೆಯಿತು.

ಕಂಪನಿಗೆ ಕಾಗದ ಬರೆದು, ಸಹಿ ಹಾಕಿ, ಕೈಯಾರೆ ಕೊಟ್ಟು ಬಂದಿದ್ದೇನೆ. ಅವರೇನು ಮಾಡುತ್ತಾರೋ ಮಾಡಲಿ. ತರಗತಿಯಲ್ಲಿ ಆ ಹುಡುಗಿಯ ಮುಂದೆಯೇ ಹೇಳಿದೆ, ಫಿಟ್ಟರ್ ಅಲ್ಲ, ನಾನು, ಎಂದು. ಹೆಂಡತಿಗೂ ಹೇಳಿದೆ, ಅವಳು ಎರಡು ದಿನದಿಂದ ಮಾತಾಡಿಲ್ಲ. ಉಳಿದಿರುವುದು ಒಂದು ಮನೆ. ನರಸಿಂಹುಲು ಸಿಕಂದರಾಬಾದಿನಲ್ಲೇ ಮಗಳ ಮನೆಯಲ್ಲಿದ್ದಾನೆ, ಕೋಲು ಹಿಡಿದು ಓಡಾಡುತ್ತಾನೆ ಎಂದು ತಿಳಿಯಿತು. ನಾಳೆ ಬೆಳಿಗ್ಗೆ ಹೋಗುತ್ತೇನೆ. ಅವನು ಇವತ್ತಿಗೂ ಯಾಕೂಬ್ ಚಾಚಾರನ್ನೇ ಶಪಿಸುತ್ತಿರಬಹುದು. ನನ್ನನ್ನು ನೋಡಿದರೆ, ಹೊದಿಕೆ ಸರಿಮಾಡಿದ ಒಳ್ಳೆಯ ಸಾರ್ ಎಂದು ಎದ್ದು ನಿಲ್ಲಲು ಹೋದರೂ ಹೋದಾನು. ಏಳುವ ಮೊದಲೇ ಹೇಳಿಬಿಡಬೇಕು. ಆ ಗೆರೆ ಎಳೆದವನು ನಾನು — ಅವನ ಭಾಷೆಯಲ್ಲೂ ಅದು ನಾಲ್ಕೇ ಪದ. ಮುಂಜಾನೆಯಿಂದ ಒಬ್ಬನೇ ಅಂದುಕೊಳ್ಳುತ್ತಿದ್ದೇನೆ.

ಆ ಗೀತ ಗೀಸಿಂದಿ ನೇನೇ.