ದೀಪ ಹಚ್ಚಿದ ಮೇಲೆ ಕೇಳಿದ ಹೆಸರು

ಅವರ ತುಟಿಯ ಮೂಲೆಯಲ್ಲಿ ಯಾವಾಗಲೂ ಒಂದು ತುಂಡು ದಾರ ಅಂಟಿಕೊಂಡಿರುತ್ತಿತ್ತು. ಯಲಹಂಕದ ನಮ್ಮ ಬೀದಿಯ ರವಿಕೆಗಳನ್ನೆಲ್ಲ ಕೈಯಲ್ಲೇ ಹೊಲಿಯುತ್ತಿದ್ದ ಪಕ್ಕದ ಮನೆಯ ಅತ್ತೆ ಅವರು. ನಾನು ತಡವಾಗಿ ಮಾತು ಕಲಿತವನು. ಅತ್ತೆ ಕತ್ತರಿ, ಗುಂಡಿ, ದಾರ ಒಂದೊಂದನ್ನೇ ತೋರಿಸಿ, “ಇದೇನ್ ಹೇಳೋ ಮಗ? ನಿಧಾನಕ್ಕೇಳು, ನಂಗೇನ್ ಬಸ್ಸಿಗೋಗ್ಬೇಕಾ?” ಎಂದು ಕಾಯುತ್ತಿದ್ದರಂತೆ.

ಕತ್ತಲಾದರೆ ಹೊಲಿಗೆ ಬಂದ್. ದೀಪ ಹಚ್ಚಿದ ಮೇಲೆ ಸೂಜಿಯ ಹೆಸರೆತ್ತಬಾರದು ಎಂಬುದು ನಮ್ಮ ಮನೆಗಳ ಪದ್ಧತಿ. ಯಾರಾದರೂ ಎತ್ತಿದರೆ ಅತ್ತೆ ಕಿವಿ ಮುಚ್ಚಿಕೊಳ್ಳುತ್ತಿದ್ದರು.

ಅರವತ್ತರ ದಶಕದಲ್ಲಿ, ನಾನು ಹೈಸ್ಕೂಲು ಮುಗಿಸಿ ಕಾರ್ಖಾನೆ ಸೇರಿದ ಮೇಲೆ, ಅವರಿಗೆ ಲಕ್ವ ಹೊಡೆಯಿತು. ಬಲಗೈ ಬಿತ್ತು, ಮಾತು ತಪ್ಪಿತು. ಡಾಕ್ಟರು ನನಗೆ ಹೇಳಿದರು: “ದಿನಾ ಸಾಮಾನು ತೋರ್ಸಿ ಹೆಸರು ಕೇಳಪ್ಪ. ನೀನಾಗಿ ಹೇಳ್ಕೊಡ್ಬೇಡ. ಮಾತು ವಾಪಸ್ ಬರ್ತಿದ್ಯಾ ನೋಡೋಣ.” ಬರದಿದ್ದರೆ ತನ್ನ ಜೊತೆ ಕೋಲಾರಕ್ಕೆ ಕರೆದೊಯ್ಯುತ್ತೇನೆಂದು ಅಲ್ಲಿ ನೆಲೆಸಿದ್ದ ಅತ್ತೆಯ ಮಗ ಹೇಳಿದ್ದ. ಆ ಊರಿನ ಹೆಸರು ಕೇಳಿದರೆ ಅತ್ತೆ ಎಡಗೈಯಿಂದ ಬಾಗಿಲ ಚೌಕಟ್ಟು ಹಿಡಿದುಕೊಳ್ಳುತ್ತಿದ್ದರು.

ನಾನು ಕೆಲಸ ಮುಗಿಸಿ ಬರುವ ಹೊತ್ತಿಗೆ ದೀಪ ಹಚ್ಚಿರುತ್ತಿತ್ತು. ಬಾಚಣಿಗೆ ತೋರಿಸಿದರೆ “ಬೀಗ” ಎನ್ನುವರು. ತಪ್ಪೆಂದು ತಿಳಿದು ತಾವೇ ನಗುವರು. ಚೊಂಬಿಗೆ ಹೆಸರೇ ಇಲ್ಲ. ಬೈಗುಳ ಮಾತ್ರ ಸ್ವಚ್ಛ: “ಓಗೋ ಮುಂಡೇದೆ!” ಸೂಜಿ ತೋರಿಸಿದರೆ ಮುಖ ತಿರುಗಿಸಿ ತುಟಿ ಬಿಗಿಹಿಡಿಯುವರು. ನಾನು ಕಾಯಲಿಲ್ಲ. ಹಗಲು ಬೆಳಕಿನಲ್ಲಿ ಒಮ್ಮೆಯೂ ಕೇಳಲಿಲ್ಲ.

ಮಗ ಬಂದು, “ಎಂಗೈತಪ್ಪ?” ಎಂದ.

“ಜೀವ್ಮಾನೆಲ್ಲ ಹಿಡಿದ ಸೂಜಿನೇ ಗುರ್ತು ಸಿಗ್ತಿಲ್ಲ ಅಣ್ಣ,” ಎಂದೆ.

ಮರುದಿನ ಬೆಳಿಗ್ಗೆ ಅತ್ತೆಯನ್ನು ಬಸ್ಸು ಹತ್ತಿಸಿದೆವು. ಸೀಟಿನಲ್ಲಿ ಕೂರಿಸಿ ಬಗ್ಗಿದಾಗ ನನ್ನ ಅಂಗಿಯ ಗುಂಡಿ ಸಡಿಲವಾಗಿ ಜೋತಾಡುತ್ತಿತ್ತು. ಅತ್ತೆ ಅದನ್ನು ಹಿಡಿದು ನೋಡಿ, “ಸೂಜಿ ತಾರೋ,” ಎಂದರು. ಸ್ಪಷ್ಟವಾಗಿ.

ಮಗ ಕಂಡಕ್ಟರ್ ಹತ್ತಿರವಿದ್ದ. ಅವನಿಗೆ ಕೇಳಿಸಲಿಲ್ಲ. ನಾನು ಕೂಗಿ ಹೇಳಬಹುದಿತ್ತು. ಗಂಟು ಮೂಟೆಯೆಲ್ಲ ಬಸ್ಸಿನ ಮೇಲೆ ಏರಿಸಿಯಾಗಿತ್ತು. ನಿನ್ನೆ ಹೇಳಿದ್ದು ಸುಳ್ಳಾಗುತ್ತದಲ್ಲ ಎಂಬ ಸಂಕೋಚ ಬೇರೆ. ಇಳಿದುಬಿಟ್ಟೆ.

ಅತ್ತೆ ಕೋಲಾರದಲ್ಲೇ ತೀರಿಕೊಂಡರು. ಅಲ್ಲಿ ಮಾತಾಡಿದರೋ ಇಲ್ಲವೋ, ನಾನು ಕೇಳಲಿಲ್ಲ. ಆ ಪದ ಅವರಿಗೆ ಅಂದು ಬೆಳಿಗ್ಗೆಯಷ್ಟೇ ಬಂತೋ, ಅಷ್ಟೂ ಸಂಜೆ ಬಾಯಲ್ಲಿಟ್ಟುಕೊಂಡೇ ದೀಪಕ್ಕೆ ಹೆದರಿ ಸುಮ್ಮನಿದ್ದರೋ, ಇವತ್ತಿಗೂ ನನಗೆ ಬಗೆಹರಿದಿಲ್ಲ. ನನಗೆ ಮಾತು ಬರುವ ತನಕ ಅವರು ಕಾದಿದ್ದರು. ನಾನು ಬೆಳಗಾಗುವ ತನಕವೂ ಕಾಯಲಿಲ್ಲ.