ನಾಲ್ಕನೇ ಜ್ವರದ ದಿನ

ನನ್ನ ತಂಗಿಗೆ ಇಂಟರ್‌ವ್ಯೂಗೆ ಹೋಗಲು ಬಿಡುವು ಸಿಗುತ್ತಿದ್ದುದು ರೇಷ್ಮೆಹುಳು ಜ್ವರಕ್ಕೆ ಕೂತಾಗ ಮಾತ್ರ. ಜ್ವರವೆಂದರೆ ಕಾಯಿಲೆಯಲ್ಲ. ಪೊರೆ ಬಿಡುವ ಮುಂಚೆ ಹುಳು ಸೊಪ್ಪು ಮುಟ್ಟದೆ, ತಲೆಯೆತ್ತಿಕೊಂಡು ಒಂದು ದಿನ ಅಲುಗಾಡದೆ ಕೂರುತ್ತದೆ. ನಮ್ಮ ಕಡೆ ಅದಕ್ಕೆ ಹಾಗೆನ್ನುತ್ತಾರೆ. ಎರಡು ಜ್ವರ ದಾಟಿದ ಮರಿಹುಳುವನ್ನೇ ನಾವು ಕೊಂಡು ತರುತ್ತಿದ್ದುದರಿಂದ ನಮ್ಮ ಮನೆಯಲ್ಲಿ ಅಂಥ ಜ್ವರ ಎರಡೇ, ಮೂರನೆಯದು ಮತ್ತು ನಾಲ್ಕನೆಯದು. ಮಿಕ್ಕ ದಿನವೆಲ್ಲ ಒಬ್ಬರು ತೋಟದಲ್ಲಿ ಸೊಪ್ಪು ಕುಯ್ಯಬೇಕು, ಇನ್ನೊಬ್ಬರು ಹುಳುಮನೆಯಲ್ಲಿ ಹಾಕಬೇಕು. ಇದ್ದವರು ನಾವಿಬ್ಬರೇ. ಅಪ್ಪ ತೀರಿಕೊಂಡಿದ್ದ. ಅವ್ವ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡಿದ್ದಳು, ಅವಳನ್ನು ಎತ್ತಿ ಕೂರಿಸುವುದೂ ತಂಗಿಯ ಪಾಲಿಗೇ.

ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಅವಳು ರಾಮನಗರಕ್ಕೆ ಬಸ್ಸಿನಲ್ಲಿ ಹೋಗಿ ಬಂದು ಡಿಪ್ಲೊಮಾ ಮುಗಿಸಿದ್ದಳು. ಬಿಡದಿಯ ಕಾರ್ಖಾನೆಗಳಿಗೆ ಫೋನಿನಲ್ಲೇ ಅರ್ಜಿ ಹಾಕುತ್ತಿದ್ದಳು. ಕರೆಯೂ ಬರುತ್ತಿತ್ತು, ದಿನ ಮಾತ್ರ ಕೂಡಿಬರುತ್ತಿರಲಿಲ್ಲ. "ನಾಳೆ ಆಗಲ್ಲ ಸರ್, ಮುಂದಿನ ವಾರ ಬರ್ತೀನಿ" ಎಂದರೆ ಒಬ್ಬಾತ, "ಕೆಲಸ ಬೇಕಾಗಿರೋದು ನಿಮಗಾ, ನಮಗಾ ಮೇಡಂ?" ಎಂದು ಕೇಳಿದ್ದ. ಅವಳು ಫೋನ್ ಇಟ್ಟು ಹುಳುಗಳ ಕಡೆ ತಿರುಗಿ, "ನೀವೇ ಹೋಗ್ಬನ್ರವ್ವ, ನಾನಿಲ್ಲೇ ಸೊಪ್ಪು ತಿಂತಾ ಬಿದ್ದಿರ್ತೀನಿ" ಎಂದು ನಕ್ಕಳು.

ಒಂದು ಕಾರ್ಖಾನೆಯಿಂದ ಮಾತಾಡಿದ ಹೆಂಗಸು ಮಾಗಡಿ ಕಡೆಯವರು. ತಂಗಿ ಹಿಂಜರಿಯುತ್ತಾ ಹುಳುವಿನ ವಿಷಯ ಹೇಳಿದಾಗ ಆಕೆ, "ನಮ್ಮವ್ವನ ಮನೇಲೂ ಸಾಕ್ತಾರೆ ಕಣಮ್ಮ. ನಾಲ್ಕನೇ ಜ್ವರ ಯಾವತ್ತು ಕೂರ್ತವೆ?" ಎಂದರಂತೆ. ತಂಗಿ ನನ್ನ ಮುಖ ನೋಡಿದಳು. ಬುಧವಾರ ಸಂಜೆಗೆ ಎಂದೆ. "ಹಂಗಾದ್ರೆ ಗುರುವಾರ ಬಾ. ಅದೇ ಕೊನೇ ದಿನ. ಪಾಸಾಗಿ ವರ್ಷ ದಾಟಿದೋರನ್ನ ಆಮೇಲೆ ತಗೊಳಲ್ಲ" ಎಂದರಂತೆ ಆಕೆ.

ಅವಳ ವರ್ಷ ಆ ತಿಂಗಳಿಗೆ ಮುಗಿಯುತ್ತಿತ್ತು.

ಮಂಗಳವಾರ ಅವಳು ಅವ್ವನನ್ನು ಆಟೋದಲ್ಲಿ ಕನಕಪುರದ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಹುಳುವಿಗೆ ನಾನು. ಜ್ವರಕ್ಕೆ ಕೂರುವ ಮುಂಚೆ ಹುಳು ಹೊಟ್ಟೆ ತುಂಬಾ ತಿನ್ನಬೇಕು. ಒಂದು ಹೊತ್ತು ತಪ್ಪಿದರೂ ಕೆಲವು ಕೂರುತ್ತವೆ, ಕೆಲವು ಹಿಂದೆ ಬೀಳುತ್ತವೆ. ಇದು ಗೊತ್ತಿಲ್ಲದವನೇನಲ್ಲ ನಾನು. ಮಧ್ಯಾಹ್ನ ಗೆಳೆಯನೊಬ್ಬ ಬೈಕು ತಂದು ಬಾಗಿಲಲ್ಲಿ ನಿಲ್ಲಿಸಿದ. ಅವರ ಮನೆಯವರು ಕಬ್ಬಾಳಿನ ದೇವಿಗೆ ಹರಕೆ ತೀರಿಸುತ್ತಿದ್ದರು.

"ಮರಿ ಕುಯ್ದವ್ರೆ, ಬಾರ್ಲಾ."

"ಸೊಪ್ಪಾಕ್ಬೇಕು ಕಣ್ಲಾ."

"ಹುಳ ಏನ್ ಎದ್ದು ಓಡೋಯ್ತವಾ? ಒಸಿ ಉಂಡ್ಕಂಡು ಬಂದ್ಬುಡಾದು."

ಉಂಡು, ಅಲ್ಲೇ ಬೆಟ್ಟದ ಕೆಳಗೆ ಮರದ ನೆರಳಲ್ಲಿ ಮಲಗಿದೆ. ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಹುಳುಮನೆಯಲ್ಲಿ ಬರೀ ಕಡ್ಡಿ ಉಳಿದಿತ್ತು. ಹುಳುಗಳು ಕಡ್ಡಿಯ ತುದಿಗೆ ಹತ್ತಿ ತಲೆ ಆಡಿಸುತ್ತಿದ್ದವು. ಗಡಿಬಿಡಿಯಲ್ಲಿ ಸೊಪ್ಪು ಹರಡಿ, ಬರಿಗಡ್ಡಿಗಳನ್ನು ಹಿತ್ತಲ ತಿಪ್ಪೆಯ ಕೆಳಗೆ ತಳ್ಳಿದೆ. ಆಮೇಲೆ ಅವರ ಆಟೋ ಬಂತು.

ಗುರುವಾರ ಬೆಳಗ್ಗೆ ತಂಗಿ ತಲೆ ಬಾಚಿ, ಇಸ್ತ್ರಿ ಮಾಡಿದ ಚೂಡಿದಾರ ಹಾಕಿಕೊಂಡು, ಕೊನೆಯದಾಗಿ ಒಮ್ಮೆ ನೋಡೋಣವೆಂದು ಹುಳುಮನೆಗೆ ಬಂದಳು. ಅರ್ಧ ಹುಳು ಕೂತಿದ್ದವು. ಇನ್ನರ್ಧ ಸೊಪ್ಪು ಹುಡುಕುತ್ತಿದ್ದವು.

"ಇದ್ಯಾಕಣ್ಣ ಇಂಗಾಗೈತೆ?"

"ಚಳಿಗೆ ಕಣವ್ವ" ಎಂದೆ.

ಅವಳು ಮೂಲೆಯಲ್ಲಿದ್ದ, ಹುಳುಮನೆ ಬೆಚ್ಚಗಿಡುವ ಕೆಂಡದ ಬಾಂಡಲಿ ನೋಡಿದಳು. "ಮೊನ್ನೆ ಆಸ್ಪತ್ರೆಗೆ ಹೋಗೋವಾಗ ಕೆಂಡ ಹಾಕೋದು ಮರ್ತುಬುಟ್ಟೆ. ನಾನೇ ಹಾಳ್ಮಾಡ್ಕಂಡೆ."

ಅಲ್ಲ ಎನ್ನಲು ಆಗ ನನಗೆ ಬಾಯಿ ಇತ್ತು. "ನೀನು ಹೋಗು, ಒಬ್ಬನೇ ನೋಡ್ಕತೀನಿ" ಎನ್ನಲೂ ಇತ್ತು. ಬೆಳೆ ಸ್ವಲ್ಪ ಕೆಡುತ್ತಿತ್ತು, ಅಷ್ಟೇ. ಆದರೆ ಕೆಟ್ಟರೆ ಯಾಕೆ ಕೆಟ್ಟಿತೆಂದು ಕೇಳುತ್ತಾರೆ, ಕಬ್ಬಾಳಿನ ಊಟ ಹೊರಬೀಳುತ್ತದೆ. ನಾನು ಸೊಪ್ಪಿನ ಹೊರೆ ಬಿಚ್ಚುವವನ ಹಾಗೆ ಬಗ್ಗಿಕೊಂಡೆ.

ಅವಳು ಅಂಗಳದಲ್ಲಿ ನಿಂತು ಆ ಹೆಂಗಸಿಗೆ ಫೋನ್ ಮಾಡಿದಳು. "ಒಂದೇ ಒಂದು ದಿನ ಮೇಡಂ. ಚಳಿಗೆ ತಡ ಆಗೋಯ್ತು." ಆಚೆಯಿಂದ ಏನು ಹೇಳಿದರೋ ನನಗೆ ಕೇಳಿಸಲಿಲ್ಲ. ಇವಳು "ಪರವಾಗಿಲ್ಲ ಮೇಡಂ, ನಿಮ್ದೇನೂ ತಪ್ಪಿಲ್ಲ" ಎಂದಳು. ಒಳಗೆ ಹೋಗಿ ಹಳೇ ಬಟ್ಟೆ ಹಾಕಿಕೊಂಡು ಬಂದು ಸೊಪ್ಪು ಹಾಕತೊಡಗಿದಳು. ಹಣೆಯ ಬೊಟ್ಟು ಮಾತ್ರ ಹೊಸದಾಗಿಯೇ ಇತ್ತು.

ಆ ಬೆಳೆ ಚೆನ್ನಾಗಿಯೇ ಬಂತು.

ಈಗ ಅವಳು ಮದುವೆಯಾಗಿ ಬೈರಾಪಟ್ಟಣದಲ್ಲಿದ್ದಾಳೆ. ಒಳ್ಳೆಯ ಮನೆ, ಅಲ್ಲೂ ಹುಳು ಸಾಕುತ್ತಾರೆ. ಹೋದ ತಿಂಗಳು ಹೋಗಿದ್ದೆ. ಹೊರಗೆ ಬಿಸಿಲು ಸುಡುತ್ತಿದ್ದರೂ ಅವರ ಹುಳುಮನೆಯ ಕಿಟಕಿಗಳಿಗೆ ಗೋಣಿತಾಟು ಕಟ್ಟಿತ್ತು, ಬಾಂಡಲಿಯಲ್ಲಿ ಕೆಂಡವಿತ್ತು. ಅವಳ ಅತ್ತೆ ಬಾಗಿಲಲ್ಲಿ ನಿಂತು, "ನೋಡಪ್ಪ, ನಿನ್ ತಂಗಿ ಹುಳನೆಲ್ಲ ಬೇಯಿಸ್ಬುಡ್ತಾಳೆ. ಒಸಿ ಬುದ್ಧಿ ಹೇಳು" ಎಂದರು.

ತಂಗಿ ನಗುತ್ತಾ ಕೆಂಡದ ಮೇಲೆ ಬೂದಿ ಸರಿಸಿದಳು. "ನಿಮಗೆ ಗೊತ್ತಿಲ್ಲ ಸುಮ್ಕಿರಿ ಅತ್ತೆ. ಒಂದ್ಸಲ ಮರ್ತು ಕೆಟ್ಟೋಳು ನಾನು. ಅಲ್ವೇನಣ್ಣ?"

ಅತ್ತೆ ನನ್ನ ಉತ್ತರಕ್ಕೆ ಕಾಯುತ್ತಿದ್ದರು. ಆ ಶೆಕೆಯಲ್ಲಿ ನನ್ನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು.

"ಹೂಂ ಕಣವ್ವ" ಎಂದೆ.