ಲೈನ್ ರಿಪೇರಿ ಬೇಡ

ಯಾರು ಬೇಕಾದರೂ ತಿದ್ದಬಹುದಾದ ಆಪರೇಟಿಂಗ್ ಸಿಸ್ಟಮ್ ಒಂದಕ್ಕೆ ಚಳ್ಳಕೆರೆಯ ಮನೆಯಲ್ಲಿ ಕೂತು ನೆಟ್‌ವರ್ಕ್ ಭಾಗ ಬರೆಯುತ್ತಿದ್ದೆ. ಕೋಡಿನ ಒಂದು ಬಿಡಿಭಾಗ ಕೆಟ್ಟರೆ ಅದನ್ನಷ್ಟೇ ಬದಲಿಸುವಂತಿರಬೇಕು ಅನ್ನೋದು ನನ್ನ ಲೆಕ್ಕ. ಪದೇಪದೇ ಕಡಿದುಹೋಗುವ ಫೋನ್ ಲೈನಿಗೆಂದೇ ಬರೆದ ಬಿಡಿಭಾಗವನ್ನು ಆ ಸಿಸ್ಟಮ್‌ಗೆ ಏನು ಸೇರಬೇಕು ಅಂತ ತೀರ್ಮಾನಿಸುವ ಪರದೇಶದ ಹಿರಿಯನೊಬ್ಬ ಬೇಡ ಅಂದ. ಅಂಥ ಲೈನ್ ಈಗ ಎಲ್ಲೂ ಇಲ್ಲವಂತೆ. ನಮ್ಮ ಮನೆಯದು ಗಂಟೆಗೆ ಹತ್ತು ಸಲ ಕಡಿಯುತ್ತಿತ್ತು. ಅದರ ಮೇಲೇ ಓಡಿಸಿ ತೋರಿಸ್ತೀನಿ ಅಂತ ಹಟ ಹಿಡಿದೆ.

ಅಷ್ಟರಲ್ಲಿ, ಯಾವತ್ತೋ ಕೊಟ್ಟ ದೂರಿಗೆ ಲೈನ್‌ಮ್ಯಾನ್ ಬಂದರು.

"ರಿಪೇರಿ ಬೇಡ ಕಣ್ರಿ, ಹಿಂಗೇ ಇರ್ಲಿ," ಅಂದೆ. "ಇಷ್ಟು ಕೆಟ್ಟ ಲೈನ್ ನಂಗೆ ಬೇರೆಲ್ಲೂ ಸಿಗಲ್ಲ."

ಕಾರಣ ಪೂರ್ತಿ ಕೇಳಿ, ಕಟಿಂಗ್ ಪ್ಲೇಯರ್ ಚೀಲಕ್ಕೆ ಹಾಕಿ, ಮುಖ ಗಂಟಿಕ್ಕಿದರು.

"ಇದೂ ಒಂದು ಕೆಟ್ಟ ಲೈನಾ? ದೇವಸಮುದ್ರಕ್ಕೆ ಬರ್ರಿ ಸಾರ್, ತೋರಿಸ್ತೀನಿ."

ಕಂಪ್ಯೂಟರನ್ನು ಬಸ್ಸಿಗೆ ಹಾಕ್ಕೊಂಡು ಹೋದೆ. ಪರದೇಶದವನಿಗೆ ನನ್ನ ಉತ್ತರ ಹೋಗಿದ್ದು ಆ ಲೈನಿನ ಮೇಲೇ.